ದಾಟಬಾರದ ಜೀಪಿನ ಟ್ರಯಲ್‌ಗಳು

ನಾನಿದ್ದಲ್ಲಿ ಗಾಡಿ ಕೆಡುತ್ತವೋ, ಗಾಡಿ ಕೆಟ್ಟಲ್ಲಿ ನಾನಿರುತ್ತೇನೋ, ಇವತ್ತಿಗೂ ತೀರ್ಮಾನವಾಗಿಲ್ಲ. ಗಂಗಾವತಿಯಲ್ಲಿ ನನ್ನದು ಬ್ಯಾಟರಿ ಚಾರ್ಜ್ ಮಾಡುವ, ಹಾರ್ನು-ಲೈಟು ರಿಪೇರಿ ಮಾಡುವ ಡಬ್ಬಾ ಅಂಗಡಿ. ದಿನಾ ಒಂದಿಲ್ಲೊಂದು ಫಜೀತಿ ತಾನಾಗಿ ಬಾಗಿಲಿಗೆ ಬಂದು ಹಾರ್ನು ಹೊಡೆಯುತ್ತದೆ. ಹಾರ್ನು ಕೆಟ್ಟಿದ್ದರೆ ಕೂಗಿ ಕರೆಯುತ್ತದೆ. ಪಕ್ಕದ ಗ್ಯಾರೇಜಿನ ಮಿಸ್ತ್ರಿ ಚಾಚಾನ ಜೀಪಿನಿಂದ ಆದ ಫಜೀತಿಗಳನ್ನಷ್ಟೇ ಇಲ್ಲಿ ಹೇಳುತ್ತೇನೆ. ನಾನು ಹೇಳುವುದರಲ್ಲಿ ಅರ್ಧ ಖರೆ. ಯಾವ ಅರ್ಧ ಅಂತ ಕೇಳಬೇಡಿ. ನನ್ನ ಹೆಂಡತಿ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ, ಆಕೆಗೇ ಇನ್ನೂ ಉತ್ತರ ಸಿಕ್ಕಿಲ್ಲ.

೧. ಬಿತ್ತಾಕ ಹೊಂಟ ಜೀಪು

ನಗುವುದಕ್ಕಿಂತ ಮೊದಲು ಒಂದು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ಚಾಚಾ ನಿಮಗೆ ಹುಚ್ಚನ ಹಾಗೆ ಕಾಣುತ್ತಾರೆ.

ಚಾಚಾನ ಒಬ್ಬಳೇ ಮಗಳನ್ನು ತಳಕಲ್ಲಿನ ಆಚೆ, ಕಪ್ಪು ಎರೆಮಣ್ಣಿನ ಹೊಲಗಳ ನಡುವಿನ ಒಂದು ಸಣ್ಣ ಹಳ್ಳಿಗೆ ಕೊಟ್ಟಿದ್ದರು. ಹೆರಿಗೆಗೆ ತವರಿಗೆ ಕರೆತರಲು ದಿನ ನೋಡಿಟ್ಟಿದ್ದರು. ಕೂಸಿಗೆ ಅವಸರ, ದಿನಕ್ಕೆ ಮೊದಲೇ ಹೊರಟಿತು. ಮಳೆಗಾಲ ಬೇರೆ. ಸುದ್ದಿ ಬಂದ ಕೂಡಲೇ ಚಾಚಾ, ಚಾಚಿ, ನಾನು ಜೀಪು ಹತ್ತಿ ಓಡಿದೆವು. ಡಾಂಬರು ಬಿಟ್ಟು ಎರೆದಾರಿಗೆ ಇಳಿದ ಜೀಪು ಒಂದು ಜಾಲಿಗಿಡದ ಹತ್ತಿರ ಅಚ್ಚಿನವರೆಗೆ ಹೂತುಕೊಂಡಿತು. ಹಾಡಹಗಲು. ಊರಿನ ಮಸೀದಿ ಕಣ್ಣಿಗೆ ಕಾಣುತ್ತಿತ್ತು. ಎತ್ತು ತರಿಸಿ, ಎಳೆಸಿ, ಊರು ಮುಟ್ಟುವಷ್ಟರಲ್ಲಿ ಕೊಪ್ಪಳದ ದವಾಖಾನೆಗೆ ಒಯ್ಯಲು ಯಾರೂ ಉಳಿದಿರಲಿಲ್ಲ. ತಾಯಿಯೂ ಇಲ್ಲ, ಕೂಸೂ ಇಲ್ಲ.

ಮರುವರ್ಷ ಚಾಚಾ ನನ್ನನ್ನೂ ಕರೆದುಕೊಂಡು ಒಂದು ಟ್ರ್ಯಾಕ್ಟರ್ ರಿಪೇರಿಗೆ ಸಿದ್ದಾಪುರದ ಕಡೆ ಹೋಗಿದ್ದರು. ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರುಗಳು ಹಿಂದಿನ ಚಕ್ರಕ್ಕೆ ಪಂಜರದಂಥ ಕಬ್ಬಿಣದ ಗಾಲಿ ಕಟ್ಟಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ಆರಾಮಾಗಿ ಓಡಾಡುತ್ತಿದ್ದವು. ಚಾಚಾ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. "ಬ್ಯಾಟ್ರಿ, ಇವು ಅವತ್ತ ನನ್ನ ಜೀಪಿಗೆ ಇದ್ದಿದ್ರ…" ಅಂದರು. ಬ್ಯಾಟ್ರಿ ಅಂದರೆ ನಾನು.

ಆವತ್ತಿನಿಂದ ಆ ಹಳೇ ಮಿಲಿಟರಿ ಹರಾಜಿನ ಜೀಪಿಗೆ ಶೃಂಗಾರ ಶುರುವಾಯಿತು. ಅಳತೆಗೆ ತಕ್ಕಂತೆ ಎರಡು ಸಣ್ಣ ಕಬ್ಬಿಣದ ಗಾಲಿ ವೆಲ್ಡಿಂಗ್ ಆದವು. ಕೆಸರು ನುಗ್ಗಬಾರದೆಂದು ಸೈಲೆನ್ಸರ್ ತಲೆಯ ಮೇಲಕ್ಕೆ ಎದ್ದಿತು. ಎಂಜಿನ್ನಿಗೆ ಜೋರು ಬರಲೆಂದು ಕಾರ್ಬುರೇಟರಿನ ಜೆಟ್ಟು ಅಗಲವಾಯಿತು. ಪೆಟ್ರೋಲು ಕುಡಿಯುವುದರಲ್ಲಿ ಜೀಪು ಆನೆಯಾಯಿತು.

ಮೊದಲ ಟ್ರಯಲ್ ಗ್ಯಾರೇಜಿನ ಮುಂದಿನ ಡಾಂಬರು ರಸ್ತೆಯಲ್ಲೇ. ಕಬ್ಬಿಣದ ಗಾಲಿ ಡಾಂಬರಿಗೆ ತಾಗಿದ್ದೇ ತಡ, ಜೀಪಿಗೆ ಚಳಿಜ್ವರ ಬಂತು. ಮೊದಲು ಚಾಚಾನ ಟೊಪ್ಪಿಗೆ ಬಿತ್ತು, ಆಮೇಲೆ ಕನ್ನಡಿ ಬಿತ್ತು, ಕೊನೆಗೆ ನಾನು ಬಿದ್ದೆ. ಹಿಂದೆ ತಿರುಗಿ ನೋಡಿದರೆ ರಸ್ತೆಯ ಮೇಲೆ ಎರಡು ಸಾಲು ಗುಂಡಿ. ಅಲ್ಲೇ ರಸ್ತೆ ಕೆಲಸ ಮಾಡಿಸುತ್ತಿದ್ದ ಮುಕಾದಮ ಬುಟ್ಟಿ ಎಸೆದು ಓಡಿ ಬಂದ.

"ಏನ್ರೀ ಮಿಸ್ತ್ರಿ ಇದು?"

"ಟ್ರಯಲ್ ಐತ್ರಿ" ಅಂದರು ಚಾಚಾ.

ಮುಕಾದಮ ಗುಂಡಿಗಳ ಸಾಲನ್ನು ಕಣ್ಣಲ್ಲೇ ಅಳೆದ. "ಸಾಲು ಛಲೋ ಹೊಡದೀರಿ ಬಿಡ್ರಿ. ತಡೀರಿ, ಕೂರಿಗಿ ತರ್ತೀನಿ. ಹಂಗ ಜ್ವಾಳ ಬಿತ್ತಿ ಹೋಗ್ರಿ!"

೨. ಸರ್ಕಾರಿ ಮಶೀನು

ಇನ್ನು ಮೇಲೆ ಗಾಲಿಗಳನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿ, ಕೆಸರಿನ ದಂಡೆಯಲ್ಲಿ ಬೋಲ್ಟು ಹಾಕಿ ಕೂಡಿಸುವುದೆಂದು ಠರಾವಾಯಿತು. ಎಡಗಡೆಯದು ನಾನು, ಬಲಗಡೆಯದು ಚಾಚಾ. ಎರಡನೇ ಟ್ರಯಲ್ ಸಿದ್ದಾಪುರದ ಗದ್ದೆಯಲ್ಲಿ.

ಸುಮ್ಮನೆ ಟ್ರಯಲ್ ನೋಡಿ ಬರುವುದರಲ್ಲಿ ಏನು ಮಜಾ? ನಾನು ಹಿಂದಿನ ದಿನವೇ ಅಲ್ಲಿನ ರೈತರ ಕ್ಯಾಂಪಿಗೆ ಹೋಗಿ, "ಸರ್ಕಾರದಿಂದ ಹೊಸಾ ಮಶೀನು ಬರ್ತೈತಿ, ನಾಟಿಗೆ ಗದ್ದಿ ಕಲಸಿ ಕೊಡ್ತಾರ, ಪುಕ್ಕಟೆ" ಅಂತ ಹಬ್ಬಿಸಿ ಬಂದೆ. ನಾವು ಹೋಗುವಷ್ಟರಲ್ಲಿ ಬದುವಿನ ಮೇಲೆ ರೈತರ ಪಾಳಿ. ಆಂಧ್ರದ ಕಡೆಯಿಂದ ಬಂದು ನೆಲೆಸಿದ ಒಬ್ಬ ದೊಡ್ಡ ರೈತ ಎಲ್ಲರಿಗಿಂತ ಮುಂದೆ.

ಚಾಚಾ ಗದ್ದೆಗೆ ಇಳಿಸಿದರು. ಜೀಪು ಎಮ್ಮೆಯ ಹಾಗೆ ಕೆಸರಿನಲ್ಲಿ ಖುಷಿಯಾಗಿ ಹೋಯಿತು. ಒಂದು ಸುತ್ತು ಆಯಿತು. ನಿಲ್ಲಿಸಲು ಹೋದರೆ ಆ ರೈತ ಅಡ್ಡ ಬಂದು ಇನ್ನೊಂದು ಸುತ್ತಿಗೆ ಕೈ ಮುಗಿದ: "ಇಂಕೊಕ ರೌಂಡು ಮಿಸ್ತ್ರಿಗಾರೂ, ಇಂಕೊಕ ರೌಂಡು!" ಚಾಚಾ ಹೊಡೆದರು. ಆ ಗದ್ದೆ ಮುಗಿದ ಮೇಲೆ ಪಕ್ಕದವನು ಜೀಪಿನ ಮುಂದೆ ಅಡ್ಡ ಮಲಗಿದ. ಹೊತ್ತು ಮುಳುಗುವವರೆಗೆ ಉತ್ತಿದ್ದೇ ಉತ್ತಿದ್ದು. ಹೊರಡುವಾಗ ದೊಡ್ಡ ರೈತ ಚಾಚಾನ ಕೈ ಹಿಡಿದುಕೊಂಡು ತನಗೆ ಬರುವ ಕನ್ನಡದಲ್ಲಿ ಹೇಳಿದ: "ಸರ್ಕಾರ ಜೀಪು ಕೊಟ್ಟಿದ್ದು ಒಳ್ಳೇದಾಯ್ತು ಸಾರ್. ಮುಂದಿನ ಸಾರಿ ನಾಟಿ ಮಾಡೋದಕ್ಕೆ ಕಲೆಕ್ಟರನ್ನೂ ಕಳಿಸಿ."

ದಾರಿಯುದ್ದಕ್ಕೂ ನಾನು ನಕ್ಕೆ. ಚಾಚಾ ನಗಲಿಲ್ಲ. ಮೈಮೇಲಿನ ಕೆಸರು ಒಣಗಿ ಮುಖ ಬಿಗಿದುಕೊಂಡಿತ್ತು. "ದಾಟತೈತಿ ಬ್ಯಾಟ್ರಿ" ಅಂದರು, "ಇದು ದಾಟತೈತಿ." ಗೆದ್ದವನ ದನಿ ಅಲ್ಲ ಅದು.

೩. ಸುಟ್ಟ ಬದನೆಕಾಯಿ

ಮರುದಿನ ಚಾಚಿ ನನ್ನನ್ನು ಹಿತ್ತಲಿಗೆ ಕರೆದರು.

"ಬೇಟಾ, ಆ ಗಾಡಿ ಜಾಲಿಗಿಡದ ಹತ್ತಿರದ ಆ ರಾಡಿ ದಾಟಬಾರದು."

"ಯಾಕ ಚಾಚಿ? ಅದಕ್ಕಂತನ ಚಾಚಾ ಇಷ್ಟು ಬಡಿದಾಡಾಕ ಹತ್ಯಾರಲ್ಲ?"

"ಈಗೇನು, 'ಯಾರ ಕೈಯಾಗ ಏನಿತ್ತು, ಅಲ್ಲಾಹ್‌ನ ಮರ್ಜಿ' ಅಂತ ಎರಡು ತುತ್ತು ತಿಂತಾರ. ದಾಟಿತು ಅಂದ್ರ, 'ಅವತ್ತೂ ದಾಟಸಬೌದಿತ್ತು, ನಾನ ಮಾಡಲಿಲ್ಲ' ಅಂತಾರ. ಆ ಎರಡು ತುತ್ತೂ ಹೋಗ್ತಾವ." ಚಾಚಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಊರ ಮಂದಿಗೆಲ್ಲಾ ಕಿತಾಪತಿ ಮಾಡ್ತೀ. ನನಗೊಂದು ಮಾಡಿಕೊಡು."

ಜೀವನದಲ್ಲಿ ಮೊದಲ ಸಲ ಒಬ್ಬರು ಕೈ ಮುಗಿದು ಕಿತಾಪತಿ ಮಾಡು ಅಂದಿದ್ದರು. ಬಿಟ್ಟೇನೆಯೇ?

ತಳಕಲ್ಲಿನ ಎರೆಗೆ ಹೊರಟ ದಿನ, ದಾರಿಯಲ್ಲಿ ಚಾ ಕುಡಿಯಲು ನಿಂತಾಗ, ಸಂತೆಯಲ್ಲಿ ತಂದಿದ್ದ ಒಂದು ದಪ್ಪ ಬದನೆಕಾಯಿಯನ್ನು ಆ ಎತ್ತರದ ಸೈಲೆನ್ಸರಿನ ಬಾಯಿಗೆ ತುರುಕಿದೆ. ಯಲಬುರ್ಗಾ ತಾಲೂಕು ಹೊಕ್ಕ ಮೇಲೆ ಜೀಪು ದಮ್ಮು ಹಿಡಿದು, ಕೆಮ್ಮಿ, ನಿಂತಿತು. ಚಾಚಾ ಪ್ಲಗ್ಗು ಬಿಚ್ಚಿದರು, ಕಾರ್ಬುರೇಟರ್ ಬಿಚ್ಚಿದರು. ರಸ್ತೆಯ ಮಗ್ಗುಲಿಗೆ ಗೋಣಿಚೀಲ ಹಾಸಿ ಅರ್ಧ ಎಂಜಿನ್ನನ್ನು ಅಂಗಡಿ ಇಟ್ಟರು. ನಾನು ಪಾನಾ, ಇಕ್ಕಳ ಎತ್ತಿ ಕೊಡುತ್ತಾ ಎಂಜಿನ್ನಿಗೆ ಬೈದೆ. ಸಂಜೆಗೆ ಅವರ ಕಣ್ಣು ಮೇಲೆ ಸೈಲೆನ್ಸರಿನ ಕಡೆ ಹೋಯಿತು. ಕಡ್ಡಿ ಹಾಕಿ ತಿವಿದು ಎಳೆದರು. ಬದನೆಕಾಯಿ ಸಿಪ್ಪೆ ಸುಟ್ಟು ಮೆತ್ತಗೆ ಬೆಂದಿತ್ತು.

ಚಾಚಾ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕಾಗಿ ತಂದು ಹಾಕಿರಬೇಕ್ರಿ ಚಾಚಾ" ಅಂದೆ, ಆಕಾಶದಲ್ಲಿ ಕಾಗೆ ಹುಡುಕುತ್ತಾ.

"ಹೌದು. ಈ ಕಡೆ ಕಾಗಿ ಭಾಳ ಶಾಣ್ಯಾ" ಅಂದರು. ಸಿಪ್ಪೆ ಸುಲಿದರು, ಬುತ್ತಿಯ ರೊಟ್ಟಿ ಬಿಚ್ಚಿದರು. "ಮುಂದಿನ ಸಲ ಉಪ್ಪೂ ಖಾರಾನೂ ತರಾಕ ಹೇಳು ನಿನ್ನ ಕಾಗಿಗೆ."

೪. ಮದುಮಗ ಯಾರು?

ನಡುವೆ ಹನುಮಸಾಗರದ ಕಡೆಯದೊಂದು ಫಜೀತಿ. ಕುಷ್ಟಗಿಯಲ್ಲಿ ಒಂದು ಲಾರಿ ನೋಡಲು ಹೋಗಿದ್ದೆವು, ಗಾಲಿಗಳು ಜೀಪಿನಲ್ಲೇ ಇದ್ದವು. ಹಿಂದಿನ ದಿನ ಗಡದ್ದಾಗಿ ಮಳೆ ಆಗಿತ್ತು. ಹೊಲದ ದಾರಿಯಲ್ಲಿ ಗಂಡಿನ ಕಡೆಯ ದಿಬ್ಬಣದ ಬಂಡಿಗಳು ಸಿಕ್ಕಿಕೊಂಡಿದ್ದವು. ಮುಹೂರ್ತ ಮೀರುತ್ತದೆಂದು ಹಿರಿಯರು ಬಾಯಿ ಬಡಿದುಕೊಳ್ಳುತ್ತಿದ್ದರು. ಚಾಚಾ ಗಾಲಿ ಕೂಡಿಸಿ, ಮದುಮಗನನ್ನು ಮುಂದೆ ಕೂರಿಸಿಕೊಂಡು, ಹಿಂದೆ ಬಂಡಿಗಳಿಗೆ ಹಗ್ಗ ಕಟ್ಟಿ ಹೊಡೆದರು.

ಕಬ್ಬಿಣದ ಗಾಲಿಗೆ ಕೆಸರು ಕಲಸುವುದಷ್ಟೇ ಅಲ್ಲ, ಎರಚುವುದೂ ಗೊತ್ತಿತ್ತು. ಬಂಡಿಯಲ್ಲಿದ್ದ ಭಾವ, ಮಾವ, ಬಾಜಾದವರು ಎಲ್ಲರೂ ಒಂದೇ ಬಣ್ಣ ಆದರು. ಊರ ಮುಂದೆ ಮದುಮಗ ಇಳಿದು ಅವರನ್ನು ನೋಡಿ ನಗಲು ಹಿಂದಕ್ಕೆ ಹೋದ. ಚಾಚಾ ಅದೇ ಹೊತ್ತಿಗೆ ಜೀಪು ಮುಂದೆ ತೆಗೆದರು. ಅವನಿಗೂ ಪಾಲು ಬಂತು. ಆರತಿ ತಟ್ಟೆ ಹಿಡಿದು ಬಂದ ಹೆಣ್ಣಿನ ಕಡೆಯ ಮುದುಕಿ ಕರ್ರಗೆ ಸಾಲಾಗಿ ನಿಂತ ಮೂರ್ತಿಗಳನ್ನು ನೋಡಿ ಗಾಬರಿಯಾದಳು: "ಇವರಾಗ ನಮ್ಮ ಹುಡುಗೀನ್ನ ಯಾವ ಎಮ್ಮೀಗೆ ಕೊಟ್ಟೀರಪ್ಪಾ?"

ಊರೆಲ್ಲ ನಗುತ್ತಿತ್ತು. ಚಾಚಾ ಮಾತ್ರ ಹುಡುಗಿಯ ಅಪ್ಪನನ್ನು ಒಂದು ಕಡೆ ಕರೆದು ಮೆಲ್ಲಗೆ ಹೇಳುತ್ತಿದ್ದರು: "ಹೆರಿಗಿಗೆ ಮುಂಚೇನ ಕರಕೊಂಬರ್ರಿ. ಮಳಿ ಹಿಡಿಯೂದರಾಗ ಕರಕೊಂಬರ್ರಿ." ಆ ಅಪ್ಪ ಹೌಹಾರಿ ಅಂದ: "ಮಿಸ್ತ್ರೀ, ಇನ್ನೂ ಮದುವಿ ಅಕ್ಕಿಕಾಳು ಬಿದ್ದಿಲ್ಲರೀ!"

೫. ಜಾಲಿಗಿಡದ ಆಚೆ

ಮಳೆಗಾಲ ಮುಗಿಯುವ ಮೊದಲು ಕೊನೆಯ ಟ್ರಯಲ್. ಈ ಸಲ ಚಾಚಿ ತಾವೂ ಬರುತ್ತೇನೆಂದು ಹಟ ಹಿಡಿದರು. ತಳಕಲ್ಲಿನಲ್ಲಿ ಮಿರ್ಚಿ ಭಜಿ ತಿನ್ನಲು ನಿಂತೆವು. "ನೀವು ತಿಂದು ಬರ್ರಿ, ನಾ ಗಾಡಿ ಕಾಯ್ತೀನಿ" ಅಂದರು ಚಾಚಿ. ಎರೆದಾರಿಯ ದಂಡೆಗೆ ಬಂದಾಗ ಚಾದ ಥರ್ಮಾಸು, ಒಂದು ತಗಡಿನ ಡಬ್ಬ ಇಳಿಸಿಕೊಂಡು, ಡಬ್ಬದ ಮೇಲೆ ಕೂತುಬಿಟ್ಟರು. "ನಾ ಇಲ್ಲೇ ಇರ್ತೀನಿ. ಆ ಗಿಡ ಮತ್ತ ನೋಡಲಾರೆ."

ನಾನು ಎಡಗಡೆಯ ಗಾಲಿಯ ಬೋಲ್ಟುಗಳನ್ನು ಎರಡೇ ಸುತ್ತು ತಿರುವಿ ಬಿಟ್ಟೆ. ಚಾಚಿಗೆ ಕೊಟ್ಟ ಮಾತು.

ಹೊರಟೆವು. ಜೀಪು ಎರೆಯನ್ನು ಬೆಣ್ಣೆಯ ಹಾಗೆ ಸೀಳಿಕೊಂಡು ಹೋಯಿತು. ಜಾಲಿಗಿಡ ಹತ್ತಿರ ಬಂತು. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ನಾನು ಎಡಕ್ಕೆ ನೋಡುತ್ತಿದ್ದರೆ, ಬಲಗಡೆಯ ಗಾಲಿ ಕಳಚಿ ಬಿತ್ತು! ನನಗೆ ದಿಗಿಲು. ಅದಕ್ಕೆ ನಾನು ಕೈಯನ್ನೇ ಹಚ್ಚಿರಲಿಲ್ಲ. "ಅರೆ!" ಅಂದರು ಚಾಚಾ, ನಾಟಕದವರ ಹಾಗೆ. ಅಷ್ಟರಲ್ಲಿ ನನ್ನದೂ ಬಿತ್ತು. "ಅರೆ!" ಅಂದೆ ನಾನು. ಈ ಸಲ ಚಾಚಾನ ಕಣ್ಣು ಅಗಲವಾಯಿತು.

ಆದರೆ ಜೀಪು ನಿಲ್ಲಲಿಲ್ಲ. ಕೆಟ್ಟ ಜಾಗ ಹಿಂದೆ ಬಿದ್ದಿತ್ತು. ಬರೀ ಟೈರಿನ ಮೇಲೆ ಒದ್ದಾಡುತ್ತಾ, ಹೊರಳುತ್ತಾ, ಜಾಲಿಗಿಡ ದಾಟಿಬಿಟ್ಟಿತು. ಮುಂದೆ ಗಟ್ಟಿ ನೆಲ, ಮಸೀದಿ, ಅದರ ಮಗ್ಗುಲಿಗೆ ಮಗಳನ್ನು ಕೊಟ್ಟ ಮನೆಯ ಬಾಗಿಲು ಕೂಡ ಕಾಣುತ್ತಿತ್ತು. ಚಾಚಾನ ಕೈ ಸ್ಟೇರಿಂಗನ್ನು ಬಿಡಲು ನೋಡುತ್ತಿತ್ತು, ಕಾಲು ಮಾತ್ರ ಆಕ್ಸಿಲರೇಟರಿನ ಮೇಲಿಂದ ಏಳಲೊಲ್ಲದು. ಕೈ ಇವತ್ತಿನದು, ಕಾಲು ಅವತ್ತಿನದು. ನಾನು, ದೇವರನ್ನು ನೆನೆಯದವನು, ಅವರ ದೇವರು ನಮ್ಮ ದೇವರು ಎಲ್ಲರನ್ನೂ ಒಟ್ಟಿಗೆ ಕರೆದೆ: ನಿಲ್ಲಿಸಪ್ಪಾ.

ಎಂಜಿನ್ನು ಎರಡು ಸಲ ಬಿಕ್ಕಿ, ತಾನಾಗಿ ನಿಂತಿತು. ಗಟ್ಟಿ ನೆಲ ಇನ್ನೊಂದು ಜೀಪಿನಷ್ಟು ದೂರ ಇತ್ತು.

ಚಾಚಾ ಸ್ಟೇರಿಂಗಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

"ಬ್ಯಾಟ್ರಿ, ಎಡಕಿನ ಬೋಲ್ಟು ನಿಂದಾ?"

"ಹೌದ್ರಿ ಚಾಚಾ. ಬಲಕಿಂದು?"

"ನಂದ. ಗಾಲಿ ಮಾಡೂ ಮಟಾ ದಾಟಬೇಕು ಅನಸ್ತಿತ್ತು. ಸಿದ್ದಾಪುರದಾಗ ದಾಟತೈತಿ ಅಂತ ಗೊತ್ತಾತು ನೋಡು, ಅವತ್ತಿಂದ ಕೈಯಾಗ ಜೀವಿಲ್ಲ" ಅಂದರು. ಆಮೇಲೆ ನಗಲು ಶುರು ಮಾಡಿದರು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ನಗುತ್ತಾ ಚಾಚಾ ಸ್ಟೇರಿಂಗಿನ ಮೇಲೆ ತಲೆ ಇಟ್ಟರು. ಅವರ ಬೆನ್ನು ಅಲುಗುತ್ತಿತ್ತು, ನಗು ಮಾತ್ರ ಕೇಳಿಸುತ್ತಿರಲಿಲ್ಲ. ನಾನು ಆಕಾಶದಲ್ಲಿ ಕಾಗೆ ಹುಡುಕಿದೆ.

ತಲೆ ಎತ್ತಿದ ಮೇಲೆ ಸೀಟು ಸರಿಸಿ ಪೆಟ್ರೋಲ್ ಟಾಕಿಯಲ್ಲಿ ಕಡ್ಡಿ ಹಾಕಿ ನೋಡಿದರು. ಒಣ ಕಡ್ಡಿ. "ಮುಂಜಾನೆ ತುಂಬಸಿದ್ನಲ್ಲ, ಪೆಟ್ರೋಲು ಎಲ್ಲಿ ಹೋತು?" ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿ ನೋಡಿದೆವು. ದೂರದ ದಂಡೆಯಲ್ಲಿ ಚಾಚಿ ಡಬ್ಬದ ಮೇಲೆ ಕೂತಿದ್ದರು.

ಕೆಸರು ತುಳಿಯುತ್ತಾ ಹೋದೆವು. ಚಾಚಿ ಕೂತಲ್ಲಿಂದ ಏಳಲಿಲ್ಲ. ಕಪ್ಪುಗಳನ್ನು ಸೆರಗಿನಿಂದ ಒರೆಸಿ ಚಾ ಬಗ್ಗಿಸಿ ಕೊಟ್ಟರು. ಚಾ ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು. ಹಾಗೇ ಕುಡಿದೆವು.

"ಆಗಲಿಲ್ಲ ನೋಡು" ಅಂದರು ಚಾಚಾ. "ಆ ರಾಡಿ ದಾಟೂದು ಯಾರಿಂದಲೂ ಆಗಂಗಿಲ್ಲ."

"ಯಾರಿಂದಲೂ ಆಗಂಗಿಲ್ರಿ" ಅಂದರು ಚಾಚಿ. "ಅವತ್ತೂ ಆಗತಿದ್ದಿಲ್ಲ."

ಚಾಚಾ ಕಪ್ಪು ಕೆಳಗಿಟ್ಟು, ಚಾಚಿಯ ಕೆಳಗಿನ ಡಬ್ಬವನ್ನು ನೋಡಿ, ಆಮೇಲೆ ಚಾಚಿಯನ್ನು ನೋಡಿ ಕೇಳಿದರು: "ಪೆಟ್ರೋಲು ತೀರೈತಿ. ಇಲ್ಲೆಲ್ಲಾರ ಸಿಗಬೌದೇನು?"

ಚಾಚಿ ಸೀರೆಯ ನಿರಿಗೆಯನ್ನು ಡಬ್ಬದ ಸುತ್ತ ಇನ್ನಷ್ಟು ಇಳಿಬಿಟ್ಟು, ಗಟ್ಟಿಯಾಗಿ ಕೂತರು.

"ಈ ಅಡವ್ಯಾಗ ಪೆಟ್ರೋಲು ಎಲ್ಲಿಂದ ಬರಬೇಕ್ರಿ? ನಡೀರಿ, ಎತ್ತು ಕರಸೂಣು."