ನನ್ನ ಬಿನ್ನವತ್ತಳೆಯನ್ನು ನಾನೇ ಬರೆದುಕೊಂಡದ್ದು

ಸತ್ತವರನ್ನೂ ನಿವೃತ್ತರಾದವರನ್ನೂ ಹೊಗಳುವುದು ಸುಲಭ. ಇಬ್ಬರೂ ಮರುದಿನ ಕಚೇರಿಗೆ ಬರುವುದಿಲ್ಲ. ಹೊಸಪೇಟೆಯ ನಮ್ಮ ಕಚೇರಿಗೆ ಗುಮಾಸ್ತನಾಗಿ ಸೇರಿದ ಹೊಸದರಲ್ಲೇ ನಾನಿದನ್ನು ಕಂಡುಕೊಂಡೆ. ಕಾಲೇಜಿನಲ್ಲಿ ಎರಡು ಕವನ ಬರೆದಿದ್ದೆನೆಂದು ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಯಾರು ನಿವೃತ್ತರಾದರೂ ಅವರ ಬಿನ್ನವತ್ತಳೆ ಬರೆಯುವ ಕರ್ಮ ನನ್ನ ತಲೆಗೇ ಬಂತು. ನಮ್ಮಲ್ಲಿ ಅದಿಲ್ಲದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಮುಗಿದ ಮೇಲೆ ಒಬ್ಬರು ಎದ್ದು ನಿಂತು ಆ ಹೊಗಳಿಕೆಯನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಗಾಜಿನ ಫ್ರೇಮು ಹಾಕಿದ ಅದನ್ನು ಕೈಗಿತ್ತು ಫೋಟೋ ತೆಗೆಯಬೇಕು.

ಮೊದಲ ಮೂರ್ನಾಲ್ಕನ್ನು ಮನಸ್ಸಿಟ್ಟು ಬರೆದೆ. ಆಮೇಲೆ ಕಂಪ್ಯೂಟರ್ ಬಂತು, ನಾನು ಕೆಟ್ಟೆ. ಒಂದು ಫೈಲು ಮಾಡಿಟ್ಟುಕೊಂಡೆ. 'ಹಂಪಿಯ ಬಂಡೆಯಂತೆ ಅಚಲ, ತುಂಗಭದ್ರೆಯಂತೆ ನಿರ್ಮಲ' ಎಂದು ಶುರುವಾಗಿ 'ತಮ್ಮ ನಿರ್ಗಮನದಿಂದ ಕಚೇರಿ ಬಡವಾಗಿದೆ' ಎಂದು ಮುಗಿಯುವ ಒಂದೇ ಪುಟ. ಹಳೆಯ ಹೆಸರು ಅಳಿಸುವುದು, ಹೊಸ ಹೆಸರು ಕೂರಿಸುವುದು, ಅಷ್ಟೇ. ಸಂಡೂರಿನಿಂದ ಓಡಾಡುತ್ತಿದ್ದ ಒಬ್ಬ ಮಹಾಶಯರು ಎರಡು ಸಲ ಅಮಾನತಾಗಿದ್ದರು. ಅವರೂ ತುಂಗಭದ್ರೆಯಷ್ಟೇ ನಿರ್ಮಲರಾಗಿ ಮನೆಗೆ ಹೋದರು. ಯಾರೂ ಕೇಳಲಿಲ್ಲ. ಇನ್ನೊಬ್ಬರ ಹೊಗಳಿಕೆಯನ್ನು ಕಿವಿಗೊಟ್ಟು ಕೇಳುವ ಜನ ಯಾವ ಕಚೇರಿಯಲ್ಲಿದ್ದಾರೆ?

ಕೊನೆಗೆ ನನ್ನ ಸರದಿಯೂ ಬಂತು. ಯಾರಾದರೂ ಗುಟ್ಟಾಗಿ ಬರೆಯುತ್ತಿರಬಹುದು ಎಂದು ತಿಂಗಳುಗಟ್ಟಲೆ ಆಸೆಯಿಟ್ಟುಕೊಂಡಿದ್ದೆ. ಪಕ್ಕದ ಮೇಜಿನ ಗವಿಸಿದ್ದಪ್ಪ ನನ್ನ ಬೀಳ್ಕೊಡುಗೆಯ ಉಸ್ತುವಾರಿ ಹೊತ್ತಿದ್ದ. ಒಂದು ವಾರವಿದೆ ಎನ್ನುವಾಗ ಬಂದು ಹಲ್ಲುಕಿರಿದ. "ಸರ್, ನಿಮ್ಮಂಗ ಬರಿಯೋರು ಯಾರದಾರ್ರಿ? ನಿಮ್ದು ನೀವ ಬರಕೊಂಬಿಡ್ರಿ. ಓದೋದು ನನಗ ಬಿಡ್ರಿ, ಮಸ್ತ್ ಓದ್ತೀನಿ!" ಹೊಟ್ಟೆ ಉರಿದುಹೋಯಿತು. ಊರಿನವರಿಗೆಲ್ಲ ಹಾರ ಕಟ್ಟಿಕೊಟ್ಟವನಿಗೆ ಒಂದು ಎಸಳು ಹೂವು ಕೊಡುವವರಿಲ್ಲ. ಹಾಳಾಗಿ ಹೋಗಲಿ ಎಂದು ಅದೇ ಫೈಲು ತೆಗೆದು, ಇದ್ದ ಹೆಸರು ಅಳಿಸಿ ನನ್ನ ಹೆಸರು ಹಾಕಿದೆ. ಅಚಲನೂ ನಿರ್ಮಲನೂ ಆಗಲು ಎರಡು ನಿಮಿಷ ಸಾಕಾಯಿತು.

ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಪತ್ರ ಮುತ್ತು ಪೋಣಿಸಿದಂತಿತ್ತು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮನೆಗೆ ಬಂದು ತೆರೆದರೆ ಬರೀ ಚೌಕ ಚೌಕ. ಮುದ್ರಣದಂಗಡಿಯ ಪಂಪಣ್ಣನ ಹಳೆಯ ಕಂಪ್ಯೂಟರಿನಲ್ಲಿ ಅಕ್ಷರಗಳೇನೋ ಬಂದವು, ಆದರೆ ಒತ್ತಕ್ಷರಗಳು ಒಂದು ಕಡೆ, ಅವುಗಳ ಒಡೆಯರು ಇನ್ನೊಂದು ಕಡೆ. ಪಂಪಣ್ಣ ಸರಿಮಾಡಲು ಹೋಗಿ ನನ್ನ ಹೆಸರನ್ನೇ ಎರಡು ತುಂಡು ಮಾಡಿದ. ನನಗೆ ರೇಗಿತು. "ಲೇ ಪಂಪಣ್ಣ, ಒಂದಕ್ಷರ ಮುಟ್ಟಬ್ಯಾಡ! ನಾ ಕೊಟ್ಟಿದ್ದು ಹೆಂಗೈತೋ ಹಂಗ ಬರ್ಬೇಕು" ಎಂದು ಕೂಗಾಡಿ ಬಂದೆ. ಮರುದಿನ ಅವನದೇ ಫೋನು. "ಸರ್, ಹೊಸಾ ಕಂಪ್ಯೂಟರ್‌ನಾಗ ತೆಗದೀನ್ರಿ, ಅಕ್ಷರ ಎಲ್ಲಾ ಪಕ್ಕಾ ಬಂದಾವು. ಆದ್ರ ಕೆಂಪು ಗೀಟು ಭಾಳ ಅದಾವ್ರಿ, ತೆಗೀಲೇನು?" ಅಂಚಿನ ಅಲಂಕಾರವಿರಬೇಕು ಎಂದುಕೊಂಡೆ. "ಇರ್ಲಿ ಬಿಡಪ, ಚಂದ ಕಾಣ್ತದ" ಎಂದೆ. ಅವನು ಎಲ್ಲವನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಹಿಡಿಸಿ, ಫ್ರೇಮು ಹಾಕಿ, ಬಣ್ಣದ ಕಾಗದ ಸುತ್ತಿ, ಸಮಾರಂಭದ ದಿನ ನೇರ ವೇದಿಕೆಗೇ ತಂದಿಟ್ಟ.

ಗವಿಸಿದ್ದಪ್ಪ ಕಾಗದ ಬಿಚ್ಚಿ, ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ಶುರುಮಾಡಿದ. 'ಸನ್ಮಾನ್ಯ ಶ್ರೀ' ಎಂದವನು ಒಂದು ಹೆಸರು ಓದಿದ. ಅದು ನನ್ನದಲ್ಲ. ಇನ್ನೊಂದು ಓದಿದ. ಮತ್ತೊಂದು. ಇಷ್ಟು ವರ್ಷ ನಾನು ಮನೆಗೆ ಕಳಿಸಿದವರೆಲ್ಲ ಸಾಲಾಗಿ ಎದ್ದು ಬಂದರು; ಕಟ್ಟಕಡೆಗೆ ನಾನು. ಸಭೆ ಬಿದ್ದು ಬಿದ್ದು ನಕ್ಕಿತು. ತಿದ್ದಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಒಂದು ಗುಂಡಿ ಆ ಫೈಲಿನಲ್ಲಿ ಎಂದೋ ಒತ್ತಿಹೋಗಿತ್ತಂತೆ. ನಮ್ಮ ಹಳೆಯ ಕಂಪ್ಯೂಟರ್ ಅದನ್ನು ಮರ್ಯಾದೆಯಾಗಿ ಮುಚ್ಚಿಟ್ಟಿತ್ತು. ಪಂಪಣ್ಣನ ಹೊಸದು ಅಳಿಸಿದ ಪ್ರತಿಯೊಂದು ಮಾತನ್ನೂ ಕೆಂಪು ಗೀಟು ಎಳೆದು ಹೊರಗಿಟ್ಟಿತು.

ಜನ ನಕ್ಕಿದ್ದು ನನಗೆ ಅಷ್ಟು ಚುಚ್ಚಲಿಲ್ಲ. ಮುಂದಿನ ಸಾಲಿನಲ್ಲಿ ಮಾರೆಪ್ಪ ಕುಳಿತಿದ್ದ. ನಮ್ಮ ಕಚೇರಿಯಲ್ಲಿ ಜವಾನನಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತನಾದವನು. ನನಗಾಗಿ ಕಂಪ್ಲಿಯಿಂದ ಬಸ್ಸು ಹಿಡಿದು ಬಂದಿದ್ದ. ನಾನು ಬರೆದುಕೊಟ್ಟದ್ದನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿಕೊಂಡಿದ್ದಾನೆಂದು ಕೇಳಿದ್ದೆ. ಅವನು ನಗಲಿಲ್ಲ. ಸಭೆ ಮುಗಿದ ಮೇಲೆ ವೇದಿಕೆಗೆ ಬಂದು, ಕನ್ನಡಕ ಏರಿಸಿಕೊಂಡು, ಫ್ರೇಮಿನ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಓದತೊಡಗಿದ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಎಲ್ಲಾರ್ಗೂ ಇದನ್ನ ಬರದೀರೇನ್ರಿ ಸರ್?" ಎಂದ.

"ಹೂಂ ಮಾರೆಪ್ಪ" ಎಂದೆ.

ಬೆರಳು ಕೆಳಗಿಳಿದು ಒಂದು ಕಡೆ ನಿಂತಿತು. ಅಲ್ಲಿ ಕೆಂಪು ಗೀಟಿನಡಿ ಒಂದು ಸಾಲಿತ್ತು: 'ಮಳೆಗೆ ದಾಖಲೆ ಕೋಣೆ ಸೋರಿದಾಗ ಮೂರು ದಿನ ಮನೆಗೂ ಹೋಗದೆ, ನೆನೆದ ಕಡತಗಳನ್ನು ಹಾಳೆಹಾಳೆಯಾಗಿ ಒಣಗಿಸಿ ಉಳಿಸಿದ ಮಾರೆಪ್ಪನವರ ಋಣ ಈ ಕಚೇರಿಯ ಮೇಲಿದೆ.'

"ಇದು ನಮ್ಮನ್ಯಾಗಿರೋ ಫ್ರೇಮಿನಾಗ ಇಲ್ರಿ ಸರ್. ಯಾಕ ತಗದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆ ಸಾಲು ಹಾಕಿದ್ರ ಸಾಹೇಬ್ರ ಸಹಿ ಎರಡನೇ ಪುಟಕ್ಕ ಹೋಗ್ತಿತ್ತು ಮಾರೆಪ್ಪ. ಫ್ರೇಮಿನಾಗ ಹಿಡೀತಿರ್ಲಿಲ್ಲ."

ಅವನು ಕನ್ನಡಕ ಇಳಿಸಿದ. "ಅಷ್ಟ ಏನ್ರಿ? ನಾ ಆ ಕೆಲ್ಸ ಯಾರೂ ನೋಡ್ಲಿಲ್ಲ ಅನ್ಕೊಂಡಿದ್ದೆ. ನೀವು ನೋಡೀರಿ, ಬರದೂ ಇದ್ರಿ. ಸಾಕ್ ಬಿಡ್ರಿ." ಆಮೇಲೆ ಫ್ರೇಮನ್ನು ಎದೆಗೊತ್ತಿಕೊಂಡು, "ಇದನ್ನ ನನಗ ಕೊಡ್ರಿ ಸರ್. ಮನ್ಯಾಗಿಂದು ತಗದು ಇದನ್ನ ಹಾಕ್ತೀನಿ" ಎಂದ.

"ಒಂದ್ನಿಮಿಷ ತಡಿ" ಎಂದು ಅವನ ಕೈಯಿಂದ ಅದನ್ನು ಇಸಿದುಕೊಂಡೆ. ಮೊದಲಿನಿಂದ ಕೊನೆಯವರೆಗೆ, ಗೀಟು ಹೊಡೆದದ್ದು, ಹೊಡೆಯದ್ದು ಎಲ್ಲವನ್ನೂ ಓದಿದೆ. ನನಗೆಂದೇ ಬರೆದ ಮಾತು ಒಂದಾದರೂ ಇದೆಯೇ ಎಂದು ಹುಡುಕಿದೆ. ಹೆಸರು ಬಿಟ್ಟರೆ ಒಂದೂ ಇರಲಿಲ್ಲ. ಯಾರನ್ನು ಬೈಯುವುದು? ಬರೆದವನು ನಾನೇ. ಫ್ರೇಮನ್ನು ಮಾರೆಪ್ಪನ ಕೈಗೆ ಕೊಟ್ಟೆ.