ಅಳಿಯನ ಕೆಮೆರಾಕ್ಕೆ ಆಷಾಢದ ಕಾವಲು

ಗಾಜಿಗೂ ಬೂಷ್ಟು ಹಿಡಿಯುತ್ತದೆ ಎಂಬ ಕಥೆಯನ್ನು ನನಗೆ ಮೊದಲು ಹೇಳಿದವನು ನನ್ನ ತಂಗಿಯ ಮಗ. ಎಪ್ಪತ್ತರ ದಶಕದ ಮಾತು. ಆತ ಇಂಡಿ ಪಟ್ಟಣದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ. ಅದನ್ನು ಕೇಳಿದಂದಿನಿಂದ ಬಾಗೇವಾಡಿಯ ನಮ್ಮ ಮನೆಯಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಹೋಯಿತು. ಯಾವುದೂ ನನಗೆ ಪೂರ್ತಿ ತಿಳಿಯಲಿಲ್ಲ.

೧. ಉಪ್ಪಿನಕಾಯಿ ನ್ಯಾಯ

ಆಷಾಢದಲ್ಲಿ ಲಗ್ನಗಳಿಲ್ಲ. ಅಳಿಯ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ ತಂದೆಯ ಹತ್ತಿರ ಹೊರಟಿದ್ದ. ಸ್ಟುಡಿಯೊ ಸೋರುತ್ತದೆಂದು ಕೆಮೆರಾವನ್ನು ಅದರ ರೆಗ್ಜಿನ್ ಚೀಲದ ಸಮೇತ ತಗಡಿನ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟ.

“ಮಾಮಾ, ಶ್ರಾವಣದಾಗ ಸಿಂದಗಿ ಸಾವಕಾರ್ರ ಮಗಳ ಲಗ್ನದ ಫೋಟೊ ನನಗ ಹೇಳ್ಯಾರ್ರಿ. ಇದಕ್ಕ ಹಸಿ ಹತ್ತಿದ್ರ ಗಾಜಿಗೆ ಬೂಷ್ಟು ಬರ್ತೈತಿ. ಬೂಷ್ಟು ಬಂದ್ರ ನನ್ನ ಅಂಗಡಿ ಮುಚ್ಚಿದಂಗ.”

ನನ್ನ ಹೆಂಡತಿ ಸಮಾಧಾನ ಹೇಳಿದಳು: “ಅದಕ್ಯಾಕ ಅಂಜತಿ? ಉಪ್ಪಿನಕಾಯಿಗೆ ಬಂದ್ರ ಮ್ಯಾಲಿಂದು ಚಮಚಾಲೆ ತಗದ ಒಗೀತೇನಿ. ಇದಕ್ಕೂ ಹಂಗ ಮಾಡಿದ್ರಾತು.”

ಬಸ್ಸಿಗೆಂದು ಎದ್ದಿದ್ದ ಅಳಿಯ ಮತ್ತೆ ಕೂತ.

೨. ಸೋಮವಾರದ ಹುರಿಗಾಳು

ಡಬ್ಬಿಯೊಳಗೆ ಸಣ್ಣ ಅರಿವೆ ಚೀಲ, ಅದರಲ್ಲಿ ನೀಲಿ ಕಾಳು. ಹಸಿ ಹೀರಿದರೆ ಅವು ಗುಲಾಬಿಯಾಗುತ್ತವಂತೆ. ಹಳೆಯ ಹಂಚಿನ ಮೇಲೆ ಹುರಿದರೆ ಮತ್ತೆ ನೀಲಿ. ತಿನ್ನುವಂಥವಲ್ಲ ಎಂದು ಮೂರು ಸಲ ಹೇಳಿ ಹೋದ.

ಒಂದು ಸೋಮವಾರ ಹೆಂಡತಿ ಅವನ್ನು ಹುರಿಯುತ್ತಿದ್ದಾಗ ಪಕ್ಕದ ಮನೆಯ ಮುದುಕಿ ಬಂದಳು.

“ಉಪಾಸದ ಸಾಬೂದಾಣಿ ಏನವ್ವಾ?”

“ಅಲ್ಲ ಆಯಿ, ಕೆಮೆರಾಕ್ಕ.”

ಮುದುಕಿ ಡಬ್ಬಿಗೆ ಕೈಮುಗಿದಳು. “ನಮ್ಮ ಮನ್ಯಾಗಿನ ಗಂಡಸರು ಒಂದ ಸೋಮವಾರ ಹಿಡಿಯೂದಿಲ್ಲ. ಇದರ ಭಕ್ತಿ ನೋಡವ್ವಾ!”

೩. ನನ್ನ ಎಚ್ಚರಿಕೆ

ಎಷ್ಟು ಹುರಿದರೂ ಕಾಳು ದಿನಾ ಗುಲಾಬಿ. ನಾನೇನು ಕಡಿಮೆ ಕಾಳಜಿ ಮಾಡಲಿಲ್ಲ; ಹಸಿ ಒಳಗೆ ಬಂದಿದೆಯೇ ಎಂದು ಹೊತ್ತಿಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುತ್ತಿದ್ದೆ. ಸಾಲಿ ಮಾಸ್ತರರು ಇದನ್ನು ಕಂಡು ನಕ್ಕರು.

“ಯಜಮಾನ್ರ, ಹಸಿ ತಾನಾಗಿ ಬಂದಿಲ್ರಿ. ನೀವು ಬಾಗಲಾ ತಗದು ‘ಬರ್ರಿ, ಕೂಡ್ರಿ’ ಅನ್ನಾಕತ್ತೀರಿ.”

೪. ಜಗಲಿಯ ಮೇಲೆ

ದೇವರ ಜಗಲಿಯ ಮೇಲೆ ನಂದಾದೀಪ ಉರಿಯುತ್ತದೆ, ಅಲ್ಲಿಗೆ ಹಸಿ ಎಲ್ಲಿಂದ ಬಂದೀತು? ಡಬ್ಬಿಯನ್ನು ಅಲ್ಲಿಟ್ಟು ನಿಶ್ಚಿಂತನಾದೆ. ನಾಗರ ಅಮಾವಾಸ್ಯೆಗೆ ಅಯ್ಯನವರು ಪೂಜೆಗೆ ಬಂದರು.

“ಜಗಲಿ ಏರಿದ ಮ್ಯಾಲೆ ಅದೂ ದೇವರ ಸಾಮಾನ. ಮುಚ್ಚಿದ ಡಬ್ಬಿಗೆ ತೀರ್ಥ ಮುಟ್ಟೂದು ಹ್ಯಾಂಗ? ತಗೀರಿ.”

ಹಸಿ ತಾಗಬಾರದು ಎಂಬುದು ಅಳಿಯನ ಮಾತು. ತೀರ್ಥ ಬೇಡ ಅನ್ನಬಾರದು ಎಂಬುದು ಹಿರಿಯರ ಮಾತು. ಎರಡರ ನಡುವೆ ಸ್ವಲ್ಪ ಹೊತ್ತು ನಿಂತು, ಮುಚ್ಚಳ ತೆಗೆದೆ. ಅಯ್ಯನವರು ಧಾರಾಳವಾಗಿ ಸುರಿದರು. ಅದೇ ಹೊತ್ತಿಗೆ ಸೊಲ್ಲಾಪುರದಿಂದ ಬಂದ ಅಳಿಯ ಹೊಸ್ತಿಲಲ್ಲಿ ನಿಂತಿದ್ದ.

“ಮಾಮಾ! ಹಸಿ ಮಾಡಿದ್ರಲ್ರೀ!”

“ಹಸಿ ಅಲ್ಲಪಾ,” ಅಂದೆ. “ತೀರ್ಥ.”

ಆತ ಓಡಿ ಬಂದು ಕೆಮೆರಾ ಎತ್ತಿದ. ಪುಣ್ಯಕ್ಕೆ ಅದರ ರೆಗ್ಜಿನ್ ಚೀಲದ ಗುಂಡಿಗಳು ಹಾಕಿದ್ದವು. ನೀರೆಲ್ಲ ಚೀಲದ ಮೇಲೆಯೇ ನಿಂತಿತ್ತು. ಒಳಗೆ ಗಾಜು ತಿಳಿಯಾಗಿತ್ತು. ಅಳಿಯನಿಗೆ ಉಸಿರು ಬಂತು. ಅಯ್ಯನವರೂ ಬಗ್ಗಿ ನೋಡಿದರು.

“ತಿಂಗಳಾತು, ಬೂಷ್ಟು ಬೂಷ್ಟು ಅಂತಿದ್ರಿ. ಒಂದ ಚಮಚ ತೀರ್ಥಕ್ಕ ಹ್ಯಾಂಗ ಓಡಿ ಹೋತು ನೋಡ್ರಿ! ತಮ್ಮಾ, ವರ್ಷಾ ಆಷಾಢಕ್ಕ ತಂದು ಇಡು.”

ಸಿಂದಗಿಯ ಲಗ್ನದ ಫೋಟೊಗಳು ಚಂದಾಗಿಯೇ ಬಂದವು. ಕೆಮೆರಾ ಉಳಿಸಿದ್ದು ಕಾಳೋ, ಚೀಲವೋ, ತೀರ್ಥವೋ, ನನಗೆ ಇನ್ನೂ ತಿಳಿದಿಲ್ಲ. ನೀವು ಇದನ್ನು ನಾಲ್ಕು ಮಂದಿಗೆ ಹೇಳಿರಿ. ಬಲ್ಲವರು ಯಾರಾದರೂ ಸಿಕ್ಕಾರು. ಅಯ್ಯನವರನ್ನು ಮಾತ್ರ ಕೇಳಬೇಡಿರಿ, ಅವರಿಗೆ ಗೊತ್ತಾಗಿಬಿಟ್ಟಿದೆ.