ಯಂತ್ರ ಒಪ್ಪದ ಹೆಬ್ಬೆರಳು

ಕಾರ್ಮಿಕ ನ್ಯಾಯಾಲಯದಲ್ಲಿ ಮೂವತ್ತು ವರ್ಷ ವಾದ ಮಾಡಿದವನಿಗೆ ಸಂಶಯ ಬಿಡುವ ಕಾಯಿಲೆಯಲ್ಲ. ನಾನು ಬಿಡಬೇಕೆಂದರೂ ಕಕ್ಷಿದಾರರು ಬಿಡುವುದಿಲ್ಲ.

ಹೆಗಲು ಬೇರೆ

ಕೆಲಸದಲ್ಲಿ ಸೊಂಟ ಉಳುಕಿ ಬಗ್ಗಲೂ ಆಗುವುದಿಲ್ಲವೆಂದು ಒಬ್ಬರು ಪರಿಹಾರಕ್ಕೆ ನನ್ನ ಮೂಲಕ ದಾವೆ ಹೂಡಿದ್ದರು. ಒಂದು ಭಾನುವಾರ ನೋಡುತ್ತೇನೆ, ಕಂಕನಾಡಿ ಮಾರುಕಟ್ಟೆಯಲ್ಲಿ ದೊಡ್ಡ ಹಲಸಿನ ಹಣ್ಣು ಹೊತ್ತು ಸರಸರ ನಡೆಯುತ್ತಿದ್ದಾರೆ. ಅಡ್ಡಗಟ್ಟಿದೆ. "ಇದೆಂತ ಮಾರಾಯ?"

"ಇದು ಹೆಗಲು ಸರ್. ನಮ್ಮ ಕೇಸು ಸೊಂಟದ್ದಲ್ವಾ?"

ಫೋನಿನ ಬೀಗ

ಆಮೇಲೆ ಬಂದವರು ಜೆಪ್ಪುವಿನ ಬಾಯಿ; ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು. ಇಪ್ಪತ್ತು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆದವರು. ಹೊಸದಾಗಿ ಹೆಬ್ಬೆರಳಿನ ಹಾಜರಿ ಯಂತ್ರ ಬಂತು. ಹದಿನೇಳು ದಿನ ಗೈರು ಎಂದು ಅದು ತೋರಿಸಿತು, ಕಂಪನಿ ಅವರನ್ನು ವಜಾ ಮಾಡಿತು.

"ದಿನಾ ಹೋಗಿದ್ದೇನೆ ಸರ್. ಸಿಪ್ಪೆಯ ಎಣ್ಣೆಗೆ ಬೆರಳಿನ ಗೆರೆಯೆಲ್ಲ ಹೋಗಿದೆ. ಯಂತ್ರಕ್ಕೆ ಮನಸ್ಸು ಬಂದ ದಿನ ಮಾತ್ರ ನಾನುಂಟು."

ಯಂತ್ರ ಹಾಳು ಎನ್ನದ ಕಕ್ಷಿದಾರರನ್ನು ನಾನು ಕಂಡಿಲ್ಲ. ಮಣ್ಣಗುಡ್ಡದ ನನ್ನ ಮನೆಯ ಆಫೀಸಿನಲ್ಲೇ ಪರೀಕ್ಷೆಗಿಳಿದೆ. ನನ್ನ ಫೋನಿಗೆ ಅವರ ಬೆರಳನ್ನು ಬೀಗವಾಗಿ ಹಾಕಲು ನೋಡಿದೆ. ಒಂಬತ್ತು ಸಲ ಒತ್ತಿದರೂ ಫೋನು ಒಪ್ಪಲಿಲ್ಲ. ಅಷ್ಟರಲ್ಲಿ ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಈ ಫೋನು ತಂದು ಎರಡು ವರ್ಷ ಆಯ್ತು. ನನ್ನ ಬೆರಳು ಹಾಕುವಾ ಅಂತ ಒಂದು ದಿನ ಕಾಣಲಿಲ್ಲ ನಿಮಗೆ?"

ಹನ್ನೊಂದು ಇಪ್ಪತ್ತು

ಬಾಯಿಯ ಮಾತು ನಿಜವೆಂದು ನನಗೆ ಗೊತ್ತಾಯಿತು. ಕೋರ್ಟಿಗೆ ಗೊತ್ತಾಗಬೇಕಲ್ಲ? ಗಂಡನಿಲ್ಲದ ಮನೆ, ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ದಾರಿಯಿರಲಿಲ್ಲ. ನಿದ್ದೆ ನನಗೂ ಬರಲಿಲ್ಲ.

ಪಾಟೀಸವಾಲಿನ ದಿನ ಕಂಪನಿಯ ಮ್ಯಾನೇಜರರು ಯಂತ್ರವನ್ನೇ ಚೀಲದಲ್ಲಿ ಹಾಕಿ ತಂದಿದ್ದರು. ಬಾಯಿ ನ್ಯಾಯಾಧೀಶರ ಎದುರು ಮೂರು ಸಲ ಒತ್ತಿದರು. ಮೂರು ಸಲವೂ ಕೆಂಪು ದೀಪ.

"ಬೇಕಂತಲೇ ಸರಿ ಒತ್ತುವುದಿಲ್ಲ!" ಮ್ಯಾನೇಜರರು ಸಿಟ್ಟಿನಿಂದ ತಮ್ಮ ಹೆಬ್ಬೆರಳು ಒತ್ತಿಯೇ ಬಿಟ್ಟರು. ಹಸಿರು ದೀಪ. ಪರದೆಯ ಮೇಲೆ ಅವರ ಹೆಸರು, ಹನ್ನೊಂದು ಇಪ್ಪತ್ತು, ಫ್ಯಾಕ್ಟರಿಯಲ್ಲಿ ಹಾಜರು.

ನಾನು ಮೆಲ್ಲನೆ ಕೇಳಿದೆ, "ಈ ಯಂತ್ರ ಸುಳ್ಳು ಹೇಳುವುದುಂಟಾ?"

"ಇಲ್ಲವೇ ಇಲ್ಲ. ಅದು ಹೇಳಿದ್ದೇ ಸತ್ಯ."

ನ್ಯಾಯಾಧೀಶರು ಕನ್ನಡಕ ತೆಗೆದು ಯಂತ್ರವನ್ನೂ ಅವರನ್ನೂ ನೋಡಿದರು. "ಹಾಗಾದರೆ ನೀವೀಗ ಫ್ಯಾಕ್ಟರಿಯಲ್ಲಿದ್ದೀರಿ. ಇಲ್ಲಿ ಸಾಕ್ಷಿ ಹೇಳುತ್ತಿರುವವರು ಯಾರು?"

ಪೊಟ್ಟಣ

ಬಾಯಿಗೆ ಕೆಲಸ ಮರಳಿ ಸಿಕ್ಕಿತು. ಈಗ ಪುಸ್ತಕದಲ್ಲಿ ಸಹಿ ಹಾಕುತ್ತಾರಂತೆ, ಮ್ಯಾನೇಜರರು ಪಕ್ಕದಲ್ಲೇ ನಿಂತು ನೋಡುತ್ತಾರಂತೆ. ಸುದ್ದಿ ಹೇಳಲು ಬಂದವರು ಮೇಜಿನ ಮೇಲೆ ಗೋಡಂಬಿಯ ಪೊಟ್ಟಣ ಇಟ್ಟರು. ಒಳ್ಳೆಯ ದೊಡ್ಡ ಬೀಜ. ನನಗೆ ಸಂತೋಷವಾಯಿತು, ಕೂಡಲೇ ಸಂಶಯವೂ ಬಂತು: ಫ್ಯಾಕ್ಟರಿಯದ್ದೋ? ನಾನು ಕೇಳುವಷ್ಟರಲ್ಲಿ ಅವರು ಪೊಟ್ಟಣವನ್ನು ತಿರುಗಿಸಿದರು. ಹಿಂದೆ ಅಂಗಡಿಯ ಬಿಲ್ಲು ಪಿನ್ನು ಮಾಡಿತ್ತು.

"ನೀವು ಕೇಳ್ತೀರಿ ಅಂತ ಗೊತ್ತುಂಟು ಸರ್."

ನಾಚಿಕೆಯಾಯಿತು. ತಲೆ ತಗ್ಗಿಸಿದೆ, ಕಣ್ಣು ಬಿಲ್ಲಿನ ಮೇಲೇ ಬಿತ್ತು. ಅವರು ಕಿಸಕ್ಕೆಂದು ನಕ್ಕರು.

"ತಾರೀಕು ಸರಿ ಉಂಟಾ ಸರ್?"